ಅಂಗೈ ಕೆಳಗೊಂದು ಅಂಗೈ

"ನೀವೇ ಬೇಡ ಅಂದ್ಬಿಡಿ."

ಷಡಕ್ಷರಿ ಸುಭದ್ರಳ ಜೊತೆ ಆಡಿದ ಮೊಟ್ಟಮೊದಲ ಮಾತು ಇದು.

ಮದುವೆ ಗೊತ್ತಾದ ಗಂಡು ಮೊದಲ ಸಲ ಹುಡುಗಿಯ ಎದುರು ಒಬ್ಬನೇ ನಿಂತಾಗ, ಏನೂ ತೋಚದಿದ್ದರೆ ಊಟ ಆಯ್ತಾ ಎಂದಾದರೂ ಕೇಳುತ್ತಾನೆ. ಈ ಮಹಾನುಭಾವ ಭದ್ರಾವತಿಯಿಂದ ಬಸ್ಸು ಹಿಡಿದು ಶಿವಮೊಗ್ಗಕ್ಕೆ ಬಂದು, ದುರ್ಗಿಗುಡಿ ಹತ್ತಿರದ ಶಾಲೆಯ ಗೇಟಿನ ಬಳಿ ಸಂಜೆಯ ಗಂಟೆ ಹೊಡೆಯುವ ತನಕ ಕಾದು, ಸುಭದ್ರ ಟೀಚರ್ ಹೊರಗೆ ಬಂದ ಕೂಡಲೇ ಇಷ್ಟು ಹೇಳಿ ತಲೆ ತಗ್ಗಿಸಿದ್ದ.

ಸುಭದ್ರಳ ಕಣ್ಣು ಅವನ ಎಡಗೈ ಮೇಲೆ ಹೋಯಿತು. ಮೊಣಕೈವರೆಗೂ ಟವೆಲ್ ಸುತ್ತಿಕೊಂಡಿದ್ದ.

ಶ್ರಾವಣದಲ್ಲಿ ನಿಶ್ಚಯವಾಗಿತ್ತು. ಅದಾಗಿ ಕೆಲವೇ ದಿನಕ್ಕೆ, ಅವನು ಕೆಲಸ ಮಾಡುತ್ತಿದ್ದ ಸಣ್ಣ ಎರಕದ ಕಾರ್ಖಾನೆಯಲ್ಲಿ ಕಾದ ಕಬ್ಬಿಣ ಸಿಡಿದು ಅವನ ಎಡಗೈ ಮೇಲೆ ಬಿತ್ತು. ಎರಡು ಬೆರಳು ಹೋದವು. ಉಳಿದವು ಮಡಚಿಕೊಂಡೇ ಉಳಿದವು. ಆ ಸುದ್ದಿ ಕೇಳಿದ ದಿನ ಸುಭದ್ರ ಊಟ ಬಿಟ್ಟು ಅತ್ತಿದ್ದಳು. ಆಸ್ಪತ್ರೆಗೆ ಹೋಗಿ ನೋಡುತ್ತೇನೆ ಎಂದರೆ, ಮದುವೆಗೆ ಮುಂಚೆ ಹುಡುಗಿ ಹಾಗೆಲ್ಲ ಹೋಗಬಾರದು ಎಂದು ಮನೆಯಲ್ಲಿ ತಡೆದಿದ್ದರು.

"ಯಾಕೆ ಬೇಡ ಅನ್ಬೇಕು?" ಎಂದಳು.

"ಕಾಲ ಸರಿಯಿಲ್ಲ. ರೇಡಿಯೊ ಕೇಳ್ತಿದ್ದೀರಲ್ಲ. ಚೀನಾದವರು ಒಳಗೆ ಬರ್ತಾನೇ ಇದ್ದಾರೆ, ನಮ್ಮವರು ಹಿಂದೆ ಸರೀತಾನೇ ಇದ್ದಾರೆ. ನಾಳೆ ಏನಾಗುತ್ತೋ ಯಾರಿಗ್ಗೊತ್ತು. ಇಂಥಾ ಹೊತ್ನಲ್ಲಿ ಯಾರಾದ್ರೂ ಸಂಸಾರ ಹೂಡ್ತಾರಾ?"

"ಅದು ದೇಶದ ಕಥೆ ಆಯ್ತು. ನಿಮ್ಮ ಕಥೆ ಏನು?"

ಅವನು ಟವೆಲಿನ ಕೈಯನ್ನು ಇನ್ನಷ್ಟು ಮೈಗೆ ಒತ್ತಿಕೊಂಡ.

"ನಾನು ಬೇಡ ಅಂದ್ರೆ ನಿಮ್ಮನ್ನ ಗಂಡು ಬಿಟ್ಟ ಹುಡುಗಿ ಅಂತಾರೆ. ನೀವು ಬೇಡ ಅಂದ್ರೆ, ಕೈ ಹೋದವನಿಗೆ ಹೆಣ್ಣು ಕೊಡ್ಲಿಲ್ಲ ಅಂತ ಸುಮ್ನಾಗ್ತಾರೆ. ಅದಕ್ಕೇ ನೀವೇ ಹೇಳಿ."

"ನಿಮ್ಮ ಕೈ ಹೋಗಿದೆ ಅಂತ ನಾನು ಬೇಡ ಅಂದ್ನಾ?"

"ಅದೊಂದೇ ಅಲ್ಲ... ಬೇರೆ ಕಾರಣ ಇದೆ. ನಿಮ್ಮ ಹತ್ರ ಹೇಳೋಕಾಗಲ್ಲ."

ಅಷ್ಟು ಹೇಳಿ ಬಸ್ ನಿಲ್ದಾಣದ ಕಡೆ ನಡೆದುಬಿಟ್ಟ. ತಿರುಗಿಯೂ ನೋಡಲಿಲ್ಲ.

ಹೇಳೋಕಾಗದ ಕಾರಣ! ಅದೇನೆಂದು ಊಹಿಸಲು ಸುಭದ್ರಳಿಗೆ ಕಷ್ಟವಾಗಲಿಲ್ಲ. ಕೊಳಾಯಿಯ ಹತ್ತಿರ ಹೆಂಗಸರು ಆಗಲೇ ಆಡಿಕೊಳ್ಳುತ್ತಿದ್ದರು. 'ನಿಶ್ಚಯ ಆಗಿದ್ದೇ ತಡ ಹುಡುಗನ ಕೈ ಹೋಯ್ತು ನೋಡಿ. ಹುಡುಗಿ ಕಾಲ್ಗುಣ ಹೇಗಿರ್ಬೇಕು...' ಅವಳು ಕೊಡ ಇಳಿಸಿದ ಕೂಡಲೇ ಮಾತು ನಿಲ್ಲುತ್ತಿತ್ತು.

'ಇವನೂ ಅದನ್ನೇ ನಂಬಿದ್ದಾನೆ. ನನ್ನ ಮುಖದ ಮೇಲೆ ಹೇಳೋಕೆ ಸಂಕೋಚ, ಅಷ್ಟೇ' ಎಂದುಕೊಂಡಳು. ಕೈ ಹೋದವನ ಮೇಲೆ ಸಿಟ್ಟು ಮಾಡಿಕೊಳ್ಳಬಾರದು ಎಂದು ಎಷ್ಟು ಸಮಾಧಾನ ಹೇಳಿಕೊಂಡರೂ ಸಿಟ್ಟು ಇಳಿಯಲಿಲ್ಲ.

ಮನೆಗೆ ಬಂದರೆ ಅಲ್ಲಿ ಇನ್ನೊಂದು ಸೂತಕ. ಗಾಂಧಿಬಜಾರಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಅವಳ ಅಪ್ಪ ಉಜ್ಜನಪ್ಪ ಈಗೀಗ ಬೇಗ ಬಾಗಿಲು ಹಾಕಿ ಬಂದು ರೇಡಿಯೊ ಮುಂದೆ ಕೂರುತ್ತಿದ್ದರು. ಇನ್ನೊಂದು ಊರು ಹೋಯಿತಂತೆ. ಅಸ್ಸಾಮಿನಲ್ಲಿ ಜನ ಮನೆಮಠ ಬಿಟ್ಟು ಹೊರಟಿದ್ದಾರಂತೆ. ಅಕ್ಕಿ, ಸೀಮೆಎಣ್ಣೆ ಅಂಗಡಿಗಳಿಂದ ಮಾಯವಾಗಿದ್ದವು. ವರ್ಷದ ಮೊದಲಲ್ಲಿ ಎಂಟು ಗ್ರಹ ಒಂದೇ ಮನೆಯಲ್ಲಿ ಸೇರಿ ಪ್ರಳಯವಾಗುತ್ತದೆ ಎಂದು ಊರೆಲ್ಲ ಹೆದರಿತ್ತು. ಆಗ ನಕ್ಕವರೂ ಈಗ ಗ್ರಹಗಳ ಸುದ್ದಿ ತೆಗೆಯುತ್ತಿದ್ದರು.

"ಅಪ್ಪಾಜಿ, ಅವರು ಮದುವೆ ಬೇಡ ಅಂದ್ರು."

ಉಜ್ಜನಪ್ಪ ರೇಡಿಯೊದ ದನಿ ತಗ್ಗಿಸಿದರು. "ಬೇಡ ಅಂದ್ರೆ ಬಿಡಮ್ಮ. ಇಂಥಾ ಕಾಲದಲ್ಲಿ ಯಾವ ಮದುವೆ, ಯಾವ ಮುಂಜಿ" ಎಂದರು.

ಮರುದಿನ ತರಗತಿಯಲ್ಲಿ ಒಬ್ಬಳು ಪುಟ್ಟ ಹುಡುಗಿ ಎದ್ದು ನಿಂತು, "ಟೀಚರ್, ಚೀನಾದವರು ಶಿವಮೊಗ್ಗಕ್ಕೂ ಬರ್ತಾರಾ?" ಎಂದು ಕೇಳಿದಳು. ದಿನವೂ ಬರುತ್ತಿದ್ದ ಪ್ರಶ್ನೆಯೇ. ದಿನವೂ ಸುಭದ್ರ, ಅಷ್ಟೊಂದು ಬೆಟ್ಟ ಹತ್ತಿ ಇಳಿಯೋ ಹೊತ್ತಿಗೆ ಅವರಿಗೆ ಸಾಕಾಗಿರುತ್ತೆ ಎಂದು ನಗಿಸುತ್ತಿದ್ದಳು. ಅಂದು ಮಾತ್ರ ಬೋರ್ಡಿನ ಕಡೆ ತಿರುಗಿ ನಿಂತಳು. ಮಕ್ಕಳಿಗೆ ಅವಳ ಬೆನ್ನಷ್ಟೇ ಕಂಡಿತು.

ಸಂಜೆ ಮಹಿಳಾ ಸಮಾಜದ ಜಗಲಿಗೆ ಹೋದಳು. ಸೈನಿಕರಿಗೆ ಕಳಿಸಲು ಹೆಂಗಸರೆಲ್ಲ ಅಲ್ಲಿ ಕೂತು ಸ್ವೆಟರ್ ಹೆಣೆಯುತ್ತಿದ್ದರು. ಅಂದು ಗದ್ದಲವೇ ಇರಲಿಲ್ಲ. ಎದುರು ಮನೆಯ ಜಲಜಮ್ಮ ಮೂಲೆಯಲ್ಲಿ ಕೂತು ತೋಳು ಹೆಣೆಯುತ್ತಿದ್ದರು. ಅವರ ಮಗ ಸುಬ್ಬಪ್ಪ ಸೈನ್ಯದಲ್ಲಿದ್ದ. ಅವನು ಎಲ್ಲಿದ್ದಾನೋ ಪತ್ತೆಯಿಲ್ಲ ಎಂದು ಅಂದು ಬೆಳಿಗ್ಗೆಯಷ್ಟೇ ತಂತಿ ಬಂದಿತ್ತು.

ಸುಭದ್ರ ಅವರ ಪಕ್ಕದಲ್ಲಿ ಕೂತಳು.

"ಇವತ್ತೂ ಬಂದ್ರಾ, ಜಲಜಮ್ಮ?"

"ಮನೇಲಿ ಕೂತು ಏನ್ ಮಾಡ್ಲಿ ಮಾರಾಯ್ತಿ. ಗೋಡೆ ನೋಡ್ಲಾ?"

"ಇದು ಸುಬ್ಬಪ್ಪನಿಗೆ..."

"ಅವನಿಗೆ ಸಿಗುತ್ತೆ ಅಂತ ಹೆಣೀತಿಲ್ಲ. ಅಷ್ಟು ಬುದ್ಧಿ ನಂಗೂ ಇದೆ. ಯಾರಿಗೋ ಸಿಗುತ್ತೆ, ಅವನ ಚಳಿ ಹೋಗುತ್ತೆ. ನನ್ನ ಮಗ ಎಲ್ಲಾದ್ರೂ ಇದ್ರೆ ಅವನಿಗೂ ಯಾರೋ ಹೆಣೆದಿರ್ತಾರೆ." ಮೂಗು ಒರೆಸಿಕೊಂಡು ಮತ್ತೆ ಕಡ್ಡಿ ಎತ್ತಿಕೊಂಡರು. "ಸುಮ್ನೆ ಕೂತ್ರೆ ಮಾತ್ರ ಯಾರಿಗೂ ಏನೂ ಸಿಗಲ್ಲ, ನೋಡು."

ಸುಭದ್ರ ತಲೆ ತಗ್ಗಿಸಿಕೊಂಡು ಅವರ ಪಕ್ಕದಲ್ಲೇ ಕತ್ತಲಾಗುವವರೆಗೆ ಹೆಣೆದಳು. ಏಳುವ ಹೊತ್ತಿಗೆ ಅವಳ ನಿರ್ಧಾರ ಆಗಿಹೋಗಿತ್ತು. ಕಾಲ್ಗುಣವೋ ಮಣ್ಣೋ, ಆ ಮನುಷ್ಯನ ಬಾಯಿಂದಲೇ ಕೇಳಬೇಕು. ಇಲ್ಲವೆಂದರೆ ಇಲ್ಲ. ಕೇಳದೆ ಕೂತರೆ ಜೀವನವಿಡೀ ಕೇಳದೆ ಕೂತ ಹಾಗೇ ಆಗುತ್ತದೆ.

ಭಾನುವಾರ ಬೆಳಗಿನ ರೈಲಿಗೆ ಭದ್ರಾವತಿಗೆ ಹೊರಟಳು. ಉಜ್ಜನಪ್ಪ ತಡೆಯಲಿಲ್ಲ. "ಜನ ಏನಂತಾರೆ ಗೊತ್ತಾ?" ಎಂದಷ್ಟೇ ಕೇಳಿದರು. "ಈಗಲೂ ಅಂತಾನೇ ಇದ್ದಾರಲ್ಲ ಅಪ್ಪಾಜಿ" ಎಂದಳು ಅವಳು.

ಹಳೇನಗರದ ಆ ಸಣ್ಣ ಮನೆಯ ಬಾಗಿಲು ತೆರೆದವರು ಷಡಕ್ಷರಿಯ ತಾಯಿ ವೀರಮ್ಮ. ಸೊಸೆಯಾಗಬೇಕಿದ್ದವಳು ಹೊಸ್ತಿಲಾಚೆ ಒಬ್ಬಳೇ ನಿಂತಿದ್ದನ್ನು ಕಂಡು ಅವರು ಬಾಗಿಲು ಹಿಡಿದೇ ನಿಂತರು.

"ಅತ್ತೆ, ಒಂದು ಮಾತು ಕೇಳಿ ಹೋಗ್ತೀನಿ. ನನ್ನ ಕಾಲ್ಗುಣದಿಂದ ಅವರ ಕೈ ಹೋಯ್ತು ಅಂತ ನೀವೂ ಅಂದ್ಕೊಂಡಿದ್ದೀರಾ?"

"ಅಯ್ಯೋ ಶಿವನೇ, ಯಾರಮ್ಮ ಹಾಗಂದಿದ್ದು?" ವೀರಮ್ಮ ಅವಳ ಕೈ ಹಿಡಿದು ಒಳಗೆ ಎಳೆದುಕೊಂಡರು. "ಜೀವ ಉಳಿದಿದ್ದೇ ನಿನ್ನ ಪುಣ್ಯ ಅಂತ ನಾನು ಅಂದ್ಕೊಂಡಿದ್ದೀನಿ. ಕೈ ಹೋದ್ರೆ ಹೋಯ್ತು. ಹುಡುಗನೇ ಹೋಗ್ತಿದ್ದಾನಲ್ಲಮ್ಮ ಈಗ..."

ಅಡುಗೆಮನೆಯಲ್ಲಿ ಕೂರಿಸಿಕೊಂಡು ಪಿಸುದನಿಯಲ್ಲಿ ಹೇಳಿದರು. ಎಡ ಅಂಗೈ ಮೇಲೆ ಲಿಂಗವಿಟ್ಟು ಪೂಜೆ ಮಾಡದೆ ಬಾಯಿಗೆ ನೀರೂ ಹಾಕದ ಹುಡುಗ. ಆಸ್ಪತ್ರೆಯಿಂದ ಬಂದ ಮೇಲೆ ಒಂದೇ ದಿನ ಪೂಜೆಗೆ ಕೂತ. ಆಮೇಲೆ ಕೂತೇ ಇಲ್ಲ. ಪೂಜೆ ಇಲ್ಲದ್ದಕ್ಕೆ ಊಟವೂ ಇಲ್ಲ. ಸಂಜೆ ತಾನು ಅತ್ತು ಕರೆದರೆ ಎರಡು ತುತ್ತು ತಿನ್ನುತ್ತಾನೆ, ಕಳ್ಳತನ ಮಾಡಿದವನ ಹಾಗೆ.

"ಎಡಗೈಲಿ ಆಗದಿದ್ರೆ ತಟ್ಟೇಲಿಟ್ಟು ಮಾಡು ಅಂದೆ. ಸ್ವಾಮಿಗಳ ಹತ್ರ ಕೇಳಿ ಬರೋಣ ಅಂದೆ. ಏನಂದ್ರೂ ಗೋಡೆ ಕಡೆ ತಿರುಗಿ ಮಲಗ್ತಾನೆ. ಯಾಕೆ ಅಂತ ಹೇಳಲ್ಲ. ನಂಗೊಬ್ಬನೇ ಮಗ ಕಣಮ್ಮ."

ಷಡಕ್ಷರಿ ಹಿತ್ತಲ ಕಟ್ಟೆಯ ಮೇಲೆ ಕೂತಿದ್ದ. ಅವಳನ್ನು ಕಂಡು ಗಾಬರಿಯಿಂದ ಎದ್ದ. ಟವೆಲ್ ಇರಲಿಲ್ಲ. ಬೆಂದು ಸೊಟ್ಟಗಾದ ಕೈ, ಮೂರೇ ಬೆರಳು. ಕೈ ಹಿಂದಕ್ಕೆ ಹಾಕಿಕೊಂಡ.

"ಇಲ್ಲಿಗ್ಯಾಕೆ ಬಂದ್ರಿ?"

"ಹೇಳೋಕಾಗಲ್ಲ ಅಂದ್ರಲ್ಲ, ಅದನ್ನ ಕೇಳೋಕೆ. ನನ್ನ ಕಾಲ್ಗುಣ ಅಂತ ತಿಳ್ಕೊಂಡು ನಾನು ಎಷ್ಟು ಅತ್ತೆ ಗೊತ್ತಾ ನಿಮಗೆ?"

ಅವನು ದಿಗ್ಭ್ರಮೆಯಿಂದ ಅವಳನ್ನೇ ನೋಡಿದ. "ನಿಮ್ಮ ಕಾಲ್ಗುಣ? ಛೆ... ಪಾಪ ಮಾಡಿದವನು ನಾನು."

"ಏನು ಪಾಪ?"

ಪಕ್ಕದ ಮನೆಯ ರೇಡಿಯೊದಲ್ಲಿ ವಾರ್ತೆ ಬರುತ್ತಿತ್ತು. ಅದರಲ್ಲಿ ಒಳ್ಳೆಯದೇನೂ ಇರಲಿಲ್ಲ.

"ಲಿಂಗ ಬಿದ್ದುಹೋಯ್ತು." ಅವನ ದನಿ ಅವಳಿಗಷ್ಟೇ ಕೇಳುವಂತಿತ್ತು. "ಆಸ್ಪತ್ರೆಯಿಂದ ಬಂದ ಮಾರನೇ ದಿನ ಪೂಜೆಗೆ ಕೂತಿದ್ದೆ. ಅಂಗೈ ಅಗಲ ಆಗಲ್ಲ, ಸುಮ್ನಿದ್ರೂ ನಡುಗುತ್ತೆ. ಜಾರಿ ನೆಲಕ್ಕೆ ಬಿತ್ತು. ಅವ್ವನಿಗೂ ಹೇಳಿಲ್ಲ. ಲಿಂಗ ಕೈ ಜಾರಿದ್ರೆ ಜೀವ ಇಟ್ಕೋಬಾರದು ಅಂತಿದ್ರು ನಮ್ಮಜ್ಜ."

ಸುಭದ್ರಳ ಕೈ ತಾನಾಗಿಯೇ ತನ್ನ ಕೊರಳಿಗೆ ಹೋಯಿತು. ಅವಳೂ ಕೊರಳಲ್ಲಿ ಲಿಂಗ ಕಟ್ಟಿದವಳೇ. ಅದು ನೆಲಕ್ಕೆ ಬೀಳುವುದೆಂದರೆ ಏನೆಂದು ಯಾರೂ ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಇಷ್ಟು ದಿನ ಇವನು ಒಬ್ಬನೇ ಹೊತ್ತುಕೊಂಡಿದ್ದು ಇದನ್ನೇ!

"ಬಿದ್ದ ಮೇಲೆ ಏನ್ ಮಾಡಿದ್ರಿ?"

"ಎತ್ಕೊಂಡೆ. ಕಣ್ಣಿಗೊತ್ಕೊಂಡು ಮತ್ತೆ ಕಟ್ಕೊಂಡೆ. ಆಮೇಲೆ ಬಿಚ್ಚೋಕೆ ಧೈರ್ಯ ಬಂದಿಲ್ಲ."

"ಬಿದ್ದಿದ್ದನ್ನ ನಂಗೆ ಹೇಳಿದ್ರಿ. ಎತ್ಕೊಂಡಿದ್ದನ್ನ ಯಾಕೆ ಕೇಳೋವರೆಗೂ ಹೇಳ್ಲಿಲ್ಲ?"

ಅವನು ಮತ್ತೆ ಕಟ್ಟೆಯ ಮೇಲೆ ಕೂತುಬಿಟ್ಟ. "ಎಲ್ಲಾ ಕೈ ಜಾರಿ ಹೋಗ್ತಿದೆ ಅನ್ಸುತ್ತೆ. ಕೆಲಸ, ದೇಶ, ದೇವರು... ಯಾವುದೂ ಸರಿ ಹೋಗೋ ಹಾಗೆ ನಂಗೆ ಕಾಣ್ತಿಲ್ಲ. ಇದರೊಳಗೆ ನಿಮ್ಮನ್ನ ಯಾಕೆ ಎಳೀಲಿ?"

"ನಂಗೂ ಕಾಣ್ತಿಲ್ಲ. ಸರಿ ಹೋಗುತ್ತೆ ಅಂತ ಸುಳ್ಳು ಹೇಳೋಕೆ ನಾನು ರೈಲು ಹತ್ತಿ ಬಂದಿಲ್ಲ." ಅವಳ ಕಣ್ಣಲ್ಲಿ ನೀರು ತುಂಬಿತ್ತು, ದನಿ ಮಾತ್ರ ತರಗತಿಯ ದನಿಯೇ. "ಏಳಿ. ಸ್ನಾನ ಮಾಡಿ ಬನ್ನಿ. ಪೂಜೆಗೆ ಕೂರ್ಬೇಕು."

"ಬೇಡ. ನನ್ನ ಕೈಲಾಗಲ್ಲ."

"ನಿಮ್ಮೊಬ್ಬರ ಕೈಲಾಗಲ್ಲ ಅನ್ನಿ. ಏಳಿ."

ಟೀಚರ್ ಗದರಿದರೆ ಏಳದವರುಂಟೆ. ಎದ್ದ.

ಅವನು ಮಡಿಯುಟ್ಟು ಬರುವಷ್ಟರಲ್ಲಿ ಸುಭದ್ರ ಬಚ್ಚಲಲ್ಲಿ ಕೈಕಾಲು ತೊಳೆದು ಹಣೆಗೆ ವಿಭೂತಿ ಧರಿಸಿ, ಅವನ ಮಣೆಯ ಎದುರು ಕೂತಿದ್ದಳು. ವೀರಮ್ಮ ಬಿಲ್ವಪತ್ರೆ, ನೀರು ತಂದಿಟ್ಟರು. ಮದುವೆಯಾಗದ ಹುಡುಗಿ ಹೀಗೆ ಎದುರು ಕೂತಿದ್ದಕ್ಕೆ ಅವರು ಏನಾದರೂ ಅನ್ನಬಹುದಿತ್ತು. ಏನೂ ಅನ್ನದೆ ಬಾಗಿಲ ಹಿಂದೆ ಸರಿದು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಷಡಕ್ಷರಿ ಬಲಗೈಯಿಂದ ಕೊರಳಲ್ಲಿದ್ದ ಪುಟ್ಟ ಕರಡಿಗೆ ತೆರೆದು ಲಿಂಗ ತೆಗೆದ. ಎಡಗೈ ಮುಂದೆ ಬಂತು. ಬರುವಾಗಲೇ ನಡುಗುತ್ತಿತ್ತು.

ಸುಭದ್ರ ತನ್ನ ಎರಡೂ ಅಂಗೈ ಜೋಡಿಸಿ ಅವನ ಕೈಯ ಕೆಳಗೆ ಹಿಡಿದಳು. ಸುಟ್ಟ ಚರ್ಮ ಒರಟಾಗಿತ್ತು, ಬೆಚ್ಚಗಿತ್ತು. ಅವಳು ಗಂಡಸೊಬ್ಬನ ಕೈ ಮುಟ್ಟಿದ್ದು ಅದೇ ಮೊದಲು.

"ಇಡಿ."

"ಬಿದ್ರೆ?"

"ನನ್ನ ಕೈಗೆ ಬೀಳುತ್ತೆ."

ಅವನು ಅವಳ ಮುಖ ನೋಡಿದ. ಆಮೇಲೆ ಲಿಂಗವನ್ನು ಅಂಗೈ ಮೇಲಿಟ್ಟ. ನಡುಕ ನಿಲ್ಲಲಿಲ್ಲ. ಅವನ ಕೈ ನಡುಗಿದ ಹಾಗೆಲ್ಲ ಅವಳ ಕೈಯೂ ನಡುಗಿತು. ನೀರು ಎರೆದ, ವಿಭೂತಿ ಹಚ್ಚಿದ, ಪತ್ರೆ ಏರಿಸಿದ. ಮಂತ್ರ ತಪ್ಪಿ ತಪ್ಪಿ ಬಂತು. ಕಣ್ಣೀರು ಗಲ್ಲದಿಂದ ಇಳಿದು ಇಬ್ಬರ ಕೈಮೇಲೂ ಬಿತ್ತು. ಲಿಂಗ ಬೀಳಲಿಲ್ಲ.

ಪೂಜೆ ಮುಗಿಸಿ ಬಲಗೈಯಿಂದ ಅದನ್ನು ಮತ್ತೆ ಕರಡಿಗೆಯೊಳಗೆ ಇಟ್ಟ ಮೇಲೂ ಅವನು ಎಡಗೈಯನ್ನು ಅವಳ ಅಂಗೈಯಿಂದ ತೆಗೆಯಲಿಲ್ಲ.

"ದಿನಾ ಬೇಕಾಗುತ್ತೆ, ಸುಭದ್ರ" ಎಂದ. ಅವಳ ಹೆಸರು ಹಿಡಿದು ಕರೆದಿದ್ದು ಅದೇ ಮೊದಲು.

"ಗೊತ್ತು."

"ಜೀವನ ಪೂರ್ತಿ."

"ಅದೂ ಗೊತ್ತು. ಮೊದಲು ಊಟ ಮಾಡಿ."

ಅವನು ಬಾಗಿಲ ಕಡೆ ತಿರುಗಿ, ಎಷ್ಟೋ ದಿನದ ಮೇಲೆ ಗಟ್ಟಿ ದನಿಯಲ್ಲಿ ಕೂಗಿದ.

"ಅವ್ವಾ, ಎಲೆ ಹಾಕು. ಇಬ್ರಿಗೂ."