ಪೆರೆಸಕ್ಕನಿಗೆ ತಂದ ಲೇಸೋ

ವಿಕ್ಟೋರಿಯಾ ಸರೋವರವನ್ನು ಒಂದೇ ಬೆಳಿಗ್ಗೆ ವೀಲ್‌ಚೇರಿನಲ್ಲಿ ಮೂರು ಸುತ್ತು ಹಾಕಿದವನು ನಾನು, ಒಡೆರೊ. ನೀರಾನೆಗಳು ಎದ್ದು ನಿಂತು ದಾರಿ ಬಿಟ್ಟವು. ನಂಬದವರು ಅವುಗಳನ್ನೇ ಕೇಳಿ.

ಅದೇ ಸರೋವರದ ದಡದ ಊರು ಕಿಸುಮುವಿನ ಆಸ್ಪತ್ರೆಯೊಂದರಲ್ಲಿ ನನ್ನ ಕೆಲಸ. ಬೆನ್ನುಮೂಳೆ ಈಗಷ್ಟೇ ಮುರಿದವರ ಪಕ್ಕ, ಎಂದೋ ಮುರಿದುಕೊಂಡ ನಾನು ಕೂತು ಧೈರ್ಯ ಹೇಳಬೇಕು. ನಿಯಮ ಒಂದೇ: ತಾನು ಬಾಳಿದ್ದನ್ನು ಮಾತ್ರ ಹೇಳಬೇಕು.

ಹೊಸದಾಗಿ ದಾಖಲಾದ ಅಡೋಯೋ ಎಂಬ ಯುವತಿ ಮೂರು ದಿನದಿಂದ ಊಟ ಮುಟ್ಟಿರಲಿಲ್ಲ. ಗೋಡೆಗೆ ಮುಖ ಮಾಡಿಯೇ ಕೇಳಿದಳು: "ನಿಮ್ಮನ್ನ ಯಾರಾದ್ರೂ ಪ್ರೀತಿಸ್ತಾರಾ? ಈ ಕುರ್ಚಿ ಸಮೇತ?"

"ಅಯ್ಯೋ, ಕೇಳ್ಬೇಡ! ಮನೇಲಿ ಹೆಂಡ್ತಿ ಇದ್ದಾಳೆ, ಪೆರೆಸ್. ಐದು ನಿಮಿಷ ತಡವಾದ್ರೆ ಇಡೀ ಬೀದಿಗೆ ಕೇಳೋ ಹಾಗೆ ಬೈತಾಳೆ. ಅವಳು ಮೀನು ಹುರಿದ್ರೆ ಉಗಾಂಡದ ಬೆಕ್ಕುಗಳು ಈಜ್ಕೊಂಡು ಬರ್ತವೆ."

ಮುಖ ಇತ್ತ ತಿರುಗಿತು. ತುಟಿಯ ಎಡತುದಿ ಮೊದಲು ನಕ್ಕಿತು. ಬಲತುದಿ ಯೋಚಿಸಿ, ಆಮೇಲೆ. ಅಲ್ಲಿಗೆ ನನ್ನ ಕಥೆ ಮುಗಿಯಿತು.

ಅವತ್ತು ಅವಳು ಉಗಾಲಿ ಮುದ್ದೆ ತಿಂದಳು. ಎಂಟು ತಿಂಗಳಲ್ಲಿ ಮಂಚದಿಂದ ಕುರ್ಚಿಗೆ ಜಾರುವುದನ್ನೂ ಒಬ್ಬಳೇ ಬಸ್ ಹತ್ತುವುದನ್ನೂ ಕಲಿತಳು. ದಿನವೂ ಕಣ್ಣು ಕಿರಿದಾಗಿಸಿ ಕೆಣಕುವಳು: "ಗುರುಗಳೇ, ಇವತ್ತು ಪೆರೆಸಕ್ಕ ಯಾಕೆ ಬೈದ್ರು?" ದಿನಕ್ಕೊಂದು ಜಗಳ ಹೆಣೆಯುತ್ತಿದ್ದೆ. ಅವಳು ನಗುವಾಗ ಬಾಯಿಗೆ ಬಂದ ಬೇರೆ ಮಾತನ್ನು ನುಂಗುತ್ತಿದ್ದೆ.

ಕಳೆದ ಭಾನುವಾರ ಹೇಳದೆ ಕೇಳದೆ ನನ್ನ ಕೋಣೆಗೇ ಬಂದಳು. ಮಡಿಲಲ್ಲಿ ಹೊಸ ಲೇಸೋ, ಹೆಂಗಸರು ಸೊಂಟಕ್ಕೆ ಸುತ್ತುವ ಹೂವಿನ ಬಟ್ಟೆ.

"ನಾಡಿದ್ದು ನನ್ನ ಮದುವೆ, ಟೇಲರ್ ಒಕುಮು ಜೊತೆ. ಅವನು ಕೇಳ್ದಾಗ ಪೆರೆಸಕ್ಕನ್ನ ನೆನೆಸ್ಕೊಂಡೇ ಹೂಂ ಅಂದೆ. ಇದು ಅವರಿಗೆ. ಎಲ್ಲಿ ಅವರು?"

"ಸಂತೆಗೆ..."

ಅವಳ ನೋಟ ಕೋಣೆ ಸುತ್ತಿತು. ಒಂದು ತಟ್ಟೆ. ಒಂದು ಲೋಟ. ಗೋಡೆಯ ಮೊಳೆಗಳೆಲ್ಲ ಕೂತವನ ಕೈಗೆಟಕುವ ಎತ್ತರದಲ್ಲಿ. ಒಂದರಲ್ಲೂ ಹೆಂಗಸಿನ ಬಟ್ಟೆಯಿಲ್ಲ.

"ಯಾರೂ ಇಲ್ವಾ?"

"ಯಾವತ್ತೂ ಇರ್ಲಿಲ್ಲ. ನೀನು ಊಟ ಬಿಟ್ಟಿದ್ದೆ, ಅಡೋಯೋ."

"ಆಮೇಲೆ ತಿಂದೆನಲ್ಲ! ಆಮೇಲಾದ್ರೂ ಹೇಳ್ಬಾರ್ದಿತ್ತಾ?"

"ಮತ್ತೆ ಗೋಡೆ ಕಡೆ ತಿರುಗ್ತೀಯ ಅಂತ ಹೆದರ್ದೆ."

ಬಟ್ಟೆಯ ಅಂಚನ್ನು ಬೆರಳಿಗೆ ಸುತ್ತಿ ಸುತ್ತಿ ಬಿಟ್ಟಳು. "ಹುಚ್ಚಪ್ಪಾ," ಎಂದಳು, ಮೊದಲ ಸಲ ಗುರುಗಳೇ ಅನ್ನದೆ. "ಎಂಟು ತಿಂಗಳು ಆ ಪೆರೆಸ್ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದೀನಿ ನಾನು."

ನಾನು ಬಾಯಿ ತೆರೆದೆ.

"ಬೇಡ. ಒಕುಮು ಒಳ್ಳೆಯವನು. ಮಾತು ಕೊಟ್ಟಾಗಿದೆ."

ಲೇಸೋವನ್ನು ನನ್ನ ಮಂಡಿಗಳ ಮೇಲೆ ಹೊದಿಸಿ, ಕುರ್ಚಿ ತಿರುಗಿಸಿ ಹೊರಟಳು. ನಾನು ಕಲಿಸಿದ ಹಾಗೆಯೇ, ಹೊಸ್ತಿಲನ್ನು ಒಂದೇ ನೂಕಿಗೆ ದಾಟಿದಳು.

ಸರೋವರದ ಮಾತೂ ಸುಳ್ಳು. ದಡದ ಮರಳಿನಲ್ಲಿ ಈ ಗಾಲಿಗಳು ಹೂತುಹೋಗುತ್ತವೆ. ಆದರೆ ನನ್ನ ಬಾಗಿಲಿನಿಂದ ಗೇಟಿನವರೆಗೆ ಸಿಮೆಂಟಿನ ದಾರಿ, ಬರೀ ಇಪ್ಪತ್ತು ಮಾರು. ಅಷ್ಟು ದೂರವೂ ನಾನು ಅವಳ ಹಿಂದೆ ಹೋಗಲಿಲ್ಲ.