ಹಸಿದ ಕೆಂಪುಕಣ

“ಮುಟ್ಟಬೇಡಿ. ಹಾಳು ಮಾಡಿದ್ದು ಸಾಕು.”

ಹಂಸಾ ಸ್ಕಂದನಿಗೆ ಆಡಿದ ಮೊದಲ ಮಾತು ಇದು.

ತಿರುವನಂತಪುರದ ಆ ಪ್ರಯೋಗಾಲಯದಲ್ಲಿ ಮಲೇರಿಯಾದ ಪರೋಪಜೀವಿಗಳನ್ನು ಮನುಷ್ಯರ ರಕ್ತದಲ್ಲಿಟ್ಟು ಸಾಕುತ್ತಿದ್ದರು. ಕೆಲಸ ಮಾಡುವವರೇ ರಕ್ತ ಕೊಡುವುದು ಅಲ್ಲಿನ ವಾಡಿಕೆ. ಈ ಸಲ ಹಂಸಾ ಕೊಟ್ಟಿದ್ದಳು. ರಜೆಯ ದಿನ ಆ ಪರೋಪಜೀವಿಗಳನ್ನು ನೋಡಿಕೊಂಡವನು ಹೊಸದಾಗಿ ಸೇರಿದ್ದ ಸ್ಕಂದ. ಮರುದಿನ ನೋಡಿದರೆ ಹೆಚ್ಚಿನವು ರಕ್ತದ ಕೆಂಪುಕಣಗಳ ಒಳಗೆ ಹೊಕ್ಕೇ ಇರಲಿಲ್ಲ. ಹೊರಗೇ ಸತ್ತಿದ್ದವು.

“ಇಲ್ಲಿ ಕನ್ನಡ ಕೇಳಿ ತುಂಬ ದಿನ ಆಗಿತ್ತು,” ಅಂದ ಅವನು. “ಬೈಗುಳ ಆದ್ರೂ ಸರಿ.”

ಅವಳು ನಗಲಿಲ್ಲ. ಮೇಲಿನವರಿಗೆ ದೂರು ಕೊಟ್ಟಳು. ಸ್ಕಂದನನ್ನು ಆ ಕೆಲಸದಿಂದ ತೆಗೆದರು. ಇನ್ನೊಂದು ತಪ್ಪಾದರೆ ಊರಿಗೇ ಕಳಿಸುತ್ತೇವೆ ಎಂದರು.

ತಾಯಿ ತೀರಿಕೊಂಡಂದಿನಿಂದ ಹಂಸಾಳಿಗೆ ಅನ್ನ ಸೇರುತ್ತಿರಲಿಲ್ಲ. ಮಾಸಿಕಕ್ಕೆಂದು ಅವಳು ಕೊಚ್ಚಿ ಬಳಿಯ ತ್ರಿಪ್ಪೂಣಿತ್ತುರದ ಅಣ್ಣನ ಮನೆಗೆ ಬಂದಿದ್ದಳು. ಎಡೆಯಿಟ್ಟು ಕೈಮುಗಿದು ಏಳುವಾಗ ಬಾಗಿಲಲ್ಲಿ ಸ್ಕಂದ ನಿಂತಿದ್ದ.

ಜಗಳಕ್ಕೆ ಬಂದನೇ?

“ತಪ್ಪು ನಂದೇನಾ ಅಂತ ನೋಡೋಕೆ ಮೇಲಿನವರ ಹತ್ರ ಒಂದು ಅವಕಾಶ ಕೇಳ್ಕೊಂಡೆ,” ಅಂದ. “ನನ್ನ ರಕ್ತದಲ್ಲಿ ಅವು ಒಳಗೆ ಹೋದ್ವು. ಉಳಿದಿದ್ದ ನಿಮ್ಮ ರಕ್ತದಲ್ಲಿ ಮತ್ತೆ ಹೋಗ್ಲಿಲ್ಲ. ಪರೀಕ್ಷೆ ಮಾಡಿಸ್ದೆ. ಕಬ್ಬಿಣದಂಶ ತೀರಾ ಕಡಿಮೆ. ಅಂಥ ಕಣದೊಳಗೆ ಅವು ಸುಲಭಕ್ಕೆ ಹೋಗಲ್ಲ. ಊಟ ಬಿಟ್ಟಿದ್ದೀರಾ?”

“ಬರಿದಾದ ಮನೆಗೆ ಕಳ್ಳನೂ ಬರಲ್ಲ ಅನ್ನಿ,” ಅಂದಳು ಅತ್ತಿಗೆ ನಿರ್ಮಲ. “ನಾನು ಹೇಳಿದ್ರೆ ಉಪದೇಶ ಆಗ್ತಿತ್ತು. ಈಗ ರಕ್ತವೇ ಹೇಳ್ತಿದೆ, ಕೇಳೇ.”

ಹಂಸಾಳ ತಲೆ ತಗ್ಗಿತು. ನಿರಪರಾಧಿಯ ಅನ್ನಕ್ಕೆ ಕಲ್ಲು ಹಾಕಿದೆನಲ್ಲ, ದೇವರೇ...

“ಇದನ್ನ ಅಲ್ಲಿ ಮೇಲಿನವರಿಗೆ ಯಾಕೆ ಹೇಳ್ಲಿಲ್ಲ?”

“ನಿಮ್ಮ ಮೈಯ ವಿಷಯ. ನಿಮ್ಮನ್ನ ಕೇಳದೆ ಹೇಗೆ ಹೇಳ್ಲಿ?”

“ನಾಳೆ ನಾನೇ ಹೇಳ್ತೀನಿ. ಎಲ್ಲರ ಎದುರು.”

“ಹೇಳಿ, ಬಿಡಿ. ಕೆಲಸ ಹೋದ್ರೆ ಇನ್ನೊಂದು ಸಿಗುತ್ತೆ. ನೀವು ಹೀಗೆ ಸೊರಗೋದನ್ನ ನೋಡೋಕೆ ನನ್ನಿಂದ ಆಗಲ್ಲ. ಅದನ್ನ ಹೇಳೋಕೇ ಆಫೀಸಲ್ಲಿ ವಿಳಾಸ ಕೇಳ್ಕೊಂಡು ಬಂದೆ.”

ಅವಳು ಎಡೆಯತ್ತ ನೋಡಿದಳು.

“ಕೊನೆಗೆ ಅಮ್ಮನಿಗೆ ಒಂದು ಗುಟುಕು ಗಂಜಿನೂ ಇಳೀಲಿಲ್ಲ. ನಾನು ಹೇಗೆ ತಿನ್ಲಿ?”

“ಅವರಿದ್ದಿದ್ರೆ ನಿಮ್ಮನ್ನ ಹಸಿದಿರೋಕೆ ಬಿಡ್ತಿದ್ರಾ?”

ನಿರ್ಮಲ ಎಲೆ ಹಾಕಿ ಅನ್ನ, ಸಾರು ಬಡಿಸಿದಳು. ಹಂಸಾ ಒಂದು ತುತ್ತು ಕಲಸಿ ಬಾಯಿಗಿಟ್ಟಳು. ಕಣ್ಣೀರು ಎಲೆಯ ಮೇಲೆ ಬಿತ್ತು.

“ಖಾರನಾ?” ಅವನು ಮೆಲ್ಲಗೆ ಕೇಳಿದ.

“ಇಲ್ಲ... ಹಸಿವಾಗ್ತಿದೆ.” ಪಕ್ಕದ ಮಣೆಯನ್ನು ಎಡಗೈಯಿಂದ ಅವನತ್ತ ಸರಿಸಿದಳು. “ನೀನೂ ಕೂತ್ಕೋ, ಸ್ಕಂದ.”