ಒಂದೇ ಡಬ್ಬಿಯ ಗಸಗಸೆ

2004ರ ಜೂನ್ 14, ಸೋಮವಾರ. ಬೆಳಿಗ್ಗೆ ಹತ್ತೂವರೆಗೆ ಹಲಸೂರು ಠಾಣೆಯ ಮೇಜಿನ ಮೇಲೆ ಮೊದಲು ಬಂದು ಕೂತದ್ದು ಒಂದು ಡಬ್ಬಿ. ಕಪ್ಪು ಪ್ಲಾಸ್ಟಿಕ್ ಡಬ್ಬಿ, ಬಿಂದಿಗೆಯಷ್ಟು ದಪ್ಪ. ಮೇಲೆ ಅಂಗಿ ಬಿಚ್ಚಿದ ಬಿಳಿಯನೊಬ್ಬ ಎದೆ ಉಬ್ಬಿಸಿ ನಿಂತಿದ್ದ. ಅಮೆರಿಕದ ಪ್ರೋಟೀನ್ ಪೌಡರ್.

“ಇದ್ರಾಗ ಏನೈತಿ ಅಂತ ನೀವ ಹೇಳ್ಬೇಕ್ರಿ ಸರ,” ಅಂದರು ವಿರೂಪಾಕ್ಷಪ್ಪ. ಗದಗದ ಕಡೆಯವರು, ಕೆ.ಆರ್. ಪುರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್. “ನನ್ ಮಗಳು ಮದ್ದು ತಿಂದು ಭಾರ ಎತ್ತಾಕಿ ಅಲ್ರಿ.”

ದೂರು ಬರೆದುಕೊಳ್ಳುತ್ತಿದ್ದವನು ಕಾನ್‌ಸ್ಟೇಬಲ್ ಕೇದಾರ್. ಮಗಳು ಪ್ರತಿಭಾ ತಂದೆಯ ಹಿಂದೆ ನಿಂತಿದ್ದಳು. ಹತ್ತೊಂಬತ್ತು ವರ್ಷ, ಅಗಲವಾದ ಭುಜ, ತಗ್ಗಿದ ತಲೆ. ಏಪ್ರಿಲ್‌ನಲ್ಲಿ ರಾಷ್ಟ್ರಮಟ್ಟದ ವೇಟ್‌ಲಿಫ್ಟಿಂಗ್‌ನಲ್ಲಿ ಬೆಳ್ಳಿ ಪದಕ ಗೆದ್ದಿದ್ದಳು. ಕ್ರೀಡಾ ಕೋಟಾದಲ್ಲಿ ಸರ್ಕಾರಿ ಕೆಲಸದ ಆದೇಶವೂ ತಯಾರಾಗಿತ್ತು. ಅಷ್ಟರಲ್ಲಿ ಅವಳ ಮೂತ್ರ ಪರೀಕ್ಷೆಯಲ್ಲಿ ಮಾರ್ಫಿನ್ ಸಿಕ್ಕಿತೆಂದು ವರದಿ ಬಂತು. ಪದಕ ವಾಪಸ್ ಹೋಯಿತು, ಆದೇಶ ಫೈಲಿನೊಳಗೇ ಉಳಿಯಿತು. ಜೂನ್ 28ಕ್ಕೆ ಕ್ರೀಡಾ ಸಂಸ್ಥೆಯ ವಿಚಾರಣೆ. ಅದು ಮೈಯೊಳಗೆ ಹೇಗೆ ಹೋಯಿತು ಅಂತ ಅವಳೇ ತೋರಿಸಬೇಕು. ತೋರಿಸದಿದ್ದರೆ ಎರಡು ವರ್ಷ ನಿಷೇಧ, ಕೆಲಸವೂ ಇಲ್ಲ.

ತೋರಿಸುವುದು ಹೇಗೆ? ತಿಂದವಳು ಅವಳು, ಮಾಡಿದವನು ಇನ್ಯಾವನೋ. ಕೇದಾರನ ಪೆನ್ನು ಕಾಗದವನ್ನು ಒತ್ತಿ ಒತ್ತಿ ಕೆಳಗಿನ ಹಾಳೆಯಲ್ಲೂ ಅಚ್ಚು ಮೂಡಿಸುತ್ತಿತ್ತು. ದಾವಣಗೆರೆಯಲ್ಲಿ ಅವನೂ ಒಂದು ಕಾಲದಲ್ಲಿ ಗುಂಡು ಎಸೆತದ ಆಟಗಾರನೇ. ಮೊಟ್ಟೆ ತಿನ್ನು, ಹಾಲು ಕುಡಿ ಅಂದಿದ್ದ ಕೋಚ್‌ಗೆ ಜೇಬಿನ ಹುರಿಗಡಲೆ ತೋರಿಸಿ ನಗಿಸಿದ್ದ. ಆಮೇಲೆ ಪಿಯುಸಿ ಬಿಟ್ಟ, ಮೈದಾನವನ್ನೂ ಬಿಟ್ಟ. ಈಗಲೂ ಬೈಯಪ್ಪನಹಳ್ಳಿಯ ಬಾಡಿಗೆ ಕೋಣೆಯಲ್ಲಿ ಕೆಲವು ಬೆಳಗ್ಗೆ ಬಲಗೈ ತನ್ನಷ್ಟಕ್ಕೆ ಕಿವಿಯ ಹತ್ತಿರ ಬಂದು ನಿಲ್ಲುತ್ತಿತ್ತು, ಇಲ್ಲದ ಗುಂಡನ್ನು ಹೊತ್ತುಕೊಂಡು.

ಇನ್‌ಸ್ಪೆಕ್ಟರ್ ಶಿವಶಂಕರಪ್ಪ ಪ್ರತಿಭಾಳನ್ನು ಕೂರಿಸಿ ಕೇಳಿದರು.

“ಡಬ್ಬಿ ಸೀಲ್ ಒಡೆದಿದ್ದು ಯಾರಮ್ಮ?”

“ನಾನೇ ಸರ್. ಮನೇಲಿ.”

“ಬೇರೆ ಯಾರಾದ್ರೂ ಮುಟ್ಟಿದ್ರಾ? ಜೊತೆ ಹುಡುಗೀರು?”

“ಇಲ್ಲ ಸರ್. ಬೀರೂಲಿ ಇಡ್ತಿದ್ದೆ. ನಮ್ಮಪ್ಪಂಗೂ ಕೊಟ್ಟಿಲ್ಲ.”

“ರುಚಿ ಹೇಗಿತ್ತು?”

ಅವಳು ಮೊದಲ ಸಲ ತಲೆ ಎತ್ತಿದಳು. “ಬೇರೆ ಡಬ್ಬಿಗಳು ಸೀಮೆಸುಣ್ಣ ತಿಂದಂಗಿರ್ತವೆ. ಇದು ಚೆನ್ನಾಗಿತ್ತು.”

“ಸ್ಪರ್ಧೆ ಹಿಂದಿನ ರಾತ್ರಿ ಏನ್ಮಾಡ್ದೆ?”

“ಇದನ್ನ ಹಾಲಲ್ಲಿ ಕಲಸ್ಕೊಂಡು ಕುಡ್ದು ಮಲ್ಕೊಂಡೆ ಸರ್. ಯಾವಾಗ್ಲೂ ಹಿಂದಿನ ರಾತ್ರಿ ನಂಗೆ ನಿದ್ದೆ ಬರಲ್ಲ. ಆ ಸಲ ಮಾತ್ರ ಕಲ್ಲು ಬಿದ್ದಂಗೆ ಮಲಗಿದ್ದೆ.”

ಕೇದಾರ್ ಅದನ್ನೂ ಬರೆದುಕೊಂಡ. ಹನ್ನೆರಡಕ್ಕೆ ಎಫ್‌ಐಆರ್ ದಾಖಲಾಯಿತು: ವಂಚನೆ, ಆಹಾರದಲ್ಲಿ ಕಲಬೆರಕೆ.

ಮಧ್ಯಾಹ್ನ ಮೂರಕ್ಕೆ ಅವಳು ಡಬ್ಬಿ ಕೊಂಡ ಅಂಗಡಿಯಲ್ಲಿ ಪಂಚನಾಮೆ. ಹಲಸೂರಿನಿಂದ ಇಂದಿರಾನಗರಕ್ಕೆ ಏರುವ ರಸ್ತೆಯಲ್ಲಿ ಕೆಳಗೆ ಅಂಗಡಿ, ಮೇಲೆ ಪ್ರತಿಭಾ ಅಭ್ಯಾಸ ಮಾಡುವ ಗಾಜಿನ ಗೋಡೆಯ ಜಿಮ್. ಅಂಗಡಿಯಲ್ಲಿ ಓಟ್ಸ್ ಬಿಸ್ಕತ್ತು, ಸಕ್ಕರೆ ಇಲ್ಲದ ಲಾಡು, ಬಣ್ಣಬಣ್ಣದ ಶೇಕರ್ ಬಾಟಲಿ. ನಮ್ಮ ಕಡಲೆಕಾಯಿ ಚಿಕ್ಕಿಯನ್ನೇ ಹೊಳೆಯುವ ಕಾಗದದಲ್ಲಿ ಸುತ್ತಿ ಎನರ್ಜಿ ಬಾರ್ ಅಂತ ಸಾಲಾಗಿ ಇಟ್ಟಿದ್ದರು. ಮಾಲೀಕ ನಚಿಕೇತನಿಗೆ ಎಸಿಯಲ್ಲೂ ಬೆವರು.

“ಸರ್, ಐ ಸ್ವೇರ್, ನಂಗೇನೂ ಗೊತ್ತಿಲ್ಲ. ಒಬ್ರು ಟಿವಿಎಸ್ ಗಾಡೀಲಿ ತಂದು ಕೊಡ್ತಾರೆ. ಚೆನ್ನೈ ಹಾರ್ಬರ್‌ನಿಂದ ಬರುತ್ತೆ ಅಂದ್ರು.”

“ಹೆಸರು?”

“ಕೇಳಿಲ್ಲ ಸರ್.”

“ಅಮೆರಿಕದ ಮಾಲು ಟಿವಿಎಸ್ ಮೇಲೆ ಬರುತ್ತೆ. ನೀನು ಹೆಸರೂ ಕೇಳಲ್ಲ,” ಅಂದ ಕೇದಾರ್. “ಮಗಾ, ಹಾಲಿನವನ ಹೆಸರಾದ್ರೂ ಗೊತ್ತಾ ನಿಂಗೆ?”

ಅಂಗಡಿಯಲ್ಲಿದ್ದ ಅದೇ ಬಗೆಯ ಡಬ್ಬಿಗಳನ್ನು ಪಂಚರ ಎದುರು ಸೀಲ್ ಮಾಡಿದರು. ಅದಕ್ಕೂ ಮುಂಚೆ ಒಂದರ ಮುಚ್ಚಳ ತೆಗೆದು ನೋಡಿದ ಹೆಡ್ ಕಾನ್‌ಸ್ಟೇಬಲ್ ಜಿಯಾವುಲ್ಲಾ, ಒಳಗಿನ ಅಂಚಿಗೆ ಬೆರಳು ಹಚ್ಚಿದ. ಬಿಳಿ ಪುಡಿಯ ಕೆಳಗೆ ಗಟ್ಟಿಯಾಗಿ ಅಂಟಿಕೊಂಡ ಹಳೆಯ ಚಾಕೊಲೇಟ್ ಬಣ್ಣ.

“ಸಾರ್, ಡಬ್ಬಿ ಎರಡನೇ ಮದುವೆ,” ಅಂದ. “ಯಾರೋ ತಿಂದು ಬಿಸಾಕಿದ್ದು.”

ಎಲ್ಲವೂ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋದವು. ಶಿವಶಂಕರಪ್ಪ ದಿನಕ್ಕೆರಡು ಸಲ ಫೋನ್ ಮಾಡಿ ಕಾಡಿದ್ದರಿಂದ 22ನೇ ತಾರೀಕು ವರದಿ ಬಂತು. ಎಲ್ಲ ಡಬ್ಬಿಯಲ್ಲೂ ಹುರಿಗಡಲೆ ಹಿಟ್ಟು, ಬಾದಾಮಿ, ಹಾಲಿನ ಪುಡಿ, ಕಲ್ಲುಸಕ್ಕರೆ, ಏಲಕ್ಕಿ. ವಿಷವಿಲ್ಲ, ಮದ್ದಿಲ್ಲ. ಪ್ರತಿಭಾಳ ಡಬ್ಬಿಯಲ್ಲಿ ಮಾತ್ರ ಇನ್ನೊಂದಿತ್ತು: ಅರೆದ ಗಸಗಸೆ, ಧಾರಾಳವಾಗಿ. ಗಸಗಸೆ ತಿಂದವರ ಮೂತ್ರದಲ್ಲಿ ಮಾರ್ಫಿನ್ ಕಾಣಿಸಿಕೊಳ್ಳಬಹುದು ಅಂತ ಕೊನೆಯಲ್ಲಿ ಒಂದು ಸಾಲು.

ಕೇದಾರ್ ವರದಿ ಕೆಳಗಿಟ್ಟ. ಅಮೆರಿಕದ ಬಿಳಿಯನ ಹೊಟ್ಟೆಯೊಳಗೆ ತನ್ನ ಜೇಬಿನ ಹುರಿಗಡಲೆ. ನಗಬೇಕೋ ಉಗಿಯಬೇಕೋ ತಿಳಿಯಲಿಲ್ಲ.

“ಒಂದೇ ಡಬ್ಬಿ ಸಾರ್. ಅವಳದ್ದು ಮಾತ್ರ. ಇದು ಕಲಬೆರಕೆ ಅಲ್ಲ, ಬೇಕಂತ್ಲೇ ಮಾಡಿದ್ದು.”

“ಅಂಗಡಿಯವನನ್ನ ಇನ್ನೊಂದ್ಸಲ ಕರಿ,” ಅಂದರು ಶಿವಶಂಕರಪ್ಪ.

ನಚಿಕೇತ ಈ ಸಲ ನೆನಪಿಸಿಕೊಂಡ. “ಹೌದು ಸರ್. ಆ ಡಬ್ಬಿ ಬೇರೆ ಕವರಲ್ಲಿ ತಂದಿದ್ರು. ‘ಇದನ್ನ ಆ ಹುಡ್ಗಿಗೇ ಕೊಡ್ಬೇಕು, ಮೇಲ್ಗಡೆ ಭಾರ ಎತ್ತುತ್ತಲ್ಲ, ಅದಕ್ಕೇ. ಬೇರೆಯವರಿಗೆ ಕೊಡ್ಬೇಡಿ’ ಅಂದ್ರು. ನ್ಯಾಷನಲ್ಸ್ ಇದೆ ಅಂತ ನಾನೇ ಅವರಿಗೆ ಹೇಳಿದ್ದೆ.”

ಕೇದಾರನ ಕಿವಿ ಬಿಸಿಯಾಯಿತು. ಇಷ್ಟು ಸಾಕಾಯಿತು ಅವನಿಗೆ. ಯಾರೋ ಹೇಳಿದ್ದಾರೆ, ಆ ಟಿವಿಎಸ್‌ನವನು ಮಾಡಿದ್ದಾನೆ. ಎರಡನೇ ಸ್ಥಾನಕ್ಕೆ ಬಡ್ತಿ ಪಡೆದ ಹುಡುಗಿಯ ಕಡೆಯವರನ್ನು ವಿಚಾರಿಸಿದ. ಅವರು ದೂರದ ಮಣಿಪುರದವರು. ಬೆಂಗಳೂರನ್ನು ನಕ್ಷೆಯಲ್ಲಿ ಮಾತ್ರ ನೋಡಿದ್ದರು. ಆದರೂ ಅವನ ಸಿಟ್ಟು ಇಳಿಯಲಿಲ್ಲ. ಮೇಲೆ ಹತ್ತುವವರ ಕಾಲು ಹಿಡಿದು ಎಳೆಯುವ ಕೈ ಯಾವತ್ತೂ ಒಂದು ಇದ್ದೇ ಇರುತ್ತದೆ. ಅದರ ಮುಖ ಒಮ್ಮೆಯಾದರೂ ನೋಡಬೇಕೆಂದು ಅವನು ವರ್ಷಗಳಿಂದ ಕಾಯುತ್ತಿದ್ದ.

“ಖಾಲಿ ಡಬ್ಬಿ ಎಲ್ಲಿಂದ ಬರುತ್ತೆ ಅಂತ ಹುಡ್ಕೋಣ,” ಅಂದ ಜಿಯಾವುಲ್ಲಾ. “ಕಂಟೋನ್ಮೆಂಟಲ್ಲಿ ಬಿಸಾಕಿದ್ದೆಲ್ಲ ಕೊನೆಗೆ ಶಿವಾಜಿನಗರಕ್ಕೆ ಬರ್ಬೇಕು. ನಾನೂ ಅಲ್ಲಿಂದಲೇ ಬಂದಿದ್ದು ನೋಡಿ.”

23ರ ಬೆಳಿಗ್ಗೆ ಶಿವಾಜಿನಗರದ ಗುಜರಿ ಸಾಲು. ನಾಲ್ಕನೇ ಅಂಗಡಿಯ ಅಹ್ಮದ್ ಪಾಷಾ ಹಳೆ ರೇಡಿಯೇಟರ್ ಮೇಲೆ ಕೂತು ಚಹಾ ಕುಡಿಯುತ್ತಿದ್ದ.

“ಕ್ಯಾ ಪಾಷಾ ಭಾಯ್, ಪೈಲ್ವಾನ್ ಡಬ್ಬೆ ಕೋನ್ ಲೇತಾ?” ಪೈಲ್ವಾನ್ ಚಿತ್ರದ ಡಬ್ಬಿ ಯಾರು ತಗೋತಾರೆ ಅಂತ ಕೇಳಿದ ಜಿಯಾವುಲ್ಲಾ.

“ಅರೇ ಜಿಯಾ! ಯೂನಿಫಾರ್ಮ್ ಹಾಕಿದ್ರೆ ಚಹಾ ಇಲ್ಲ ನಿಂಗೆ.” ಆಮೇಲೆ ಕೇದಾರನ ಮುಖ ನೋಡಿ ಸರಿಯಾಗಿ ಕೂತ. “ಒಬ್ನೇ ಸಾಬ್ ತಗೊಳ್ಳೋದು. ಹಲಸೂರು ಗರಡಿ ಕಿಟ್ಟು ಪೈಲ್ವಾನ್. ಮುಚ್ಚಳ ಗಟ್ಟಿ ಇರೋದು ಆರ್ಸಿ ಆರ್ಸಿ ತಗೋತಾನೆ. ಒಳ್ಳೆ ಮನುಷ್ಯ. ಹಿಟ್ಟಿಡಕ್ಕೆ ಅಂತಾನೆ.”

ಹಲಸೂರು ಪೇಟೆಯ ಹಿಂದಿನ ಓಣಿ. ತಗ್ಗು ಬಾಗಿಲು, ಬಗ್ಗದೆ ಒಳಗೆ ಹೋಗುವಂತಿಲ್ಲ. ಶಿವಶಂಕರಪ್ಪ ಬೂಟು ಬಿಚ್ಚಿದರು, ಅವರನ್ನು ನೋಡಿ ಉಳಿದಿಬ್ಬರೂ ಬಿಚ್ಚಿದರು. ಒಳಗೆ ತಂಪು, ಎಣ್ಣೆ ಅರಿಶಿನದ ವಾಸನೆ. ಗೂಡಿನಲ್ಲಿ ಹನುಮಂತ, ಗೋಡೆಗೆ ಒರಗಿಸಿದ ಗದೆಗಳು. ನಡುವೆ ಕುಸ್ತಿಯ ಮಟ್ಟಿ. ಕೆಂಪು ಮಣ್ಣನ್ನು ಅಗೆದು, ಎಣ್ಣೆ ಮಜ್ಜಿಗೆ ಚಿಮುಕಿಸಿ, ಹಲಗೆಯಲ್ಲಿ ಸಮ ಮಾಡಲಾಗಿತ್ತು. ಅದರ ಮೇಲೆ ಒಂದೇ ಒಂದು ಹೆಜ್ಜೆ ಗುರುತಿರಲಿಲ್ಲ.

ಮೂಲೆಯ ಒರಳುಕಲ್ಲಿನ ಮುಂದೆ ಐವತ್ತೈದರ ಆಸುಪಾಸಿನ ಮನುಷ್ಯ ಕೂತಿದ್ದ. ಕಿವಿ ಮುದುಡಿ ಗಟ್ಟಿಯಾಗಿತ್ತು, ಕುಸ್ತಿಯವರ ಕಿವಿ. ಪಕ್ಕದಲ್ಲಿ ಕಪ್ಪು ಡಬ್ಬಿಗಳು. ಎಲ್ಲದರ ಮೇಲೂ ಆ ಬಿಳಿಯ ಎದೆ ಉಬ್ಬಿಸಿದ್ದ.

“ಏಯ್, ನೀನೇನಾ ಕಿಟ್ಟು?” ಅಂದ ಕೇದಾರ್.

“ನಾನೇ ಸಾಮಿ.” ಅವನು ಡಬ್ಬಿಗಳನ್ನು ಮರೆಮಾಡಲೂ ಹೋಗಲಿಲ್ಲ. ಕೈ ಒರೆಸಿಕೊಂಡು ಎದ್ದ. “ಬರ್ತೀರಾ ಅಂತ ಗೊತ್ತಿತ್ತು. ತಪ್ಪೇ ಸಾಮಿ. ಡಬ್ಬಿ ಅವರದು, ಹಿಟ್ಟು ನಂದು.”

“ಯಾಕೆ ಮಾಡ್ದೆ?” ಕೇಳಿದ್ದು ಶಿವಶಂಕರಪ್ಪ.

“ಇದೇ ಹಿಟ್ಟನ್ನ ಮೊದ್ಲು ಪೇಪರ್ ಪೊಟ್ಟಣ ಕಟ್ಕೊಂಡು ಜಿಮ್ ಬಾಗ್ಲಲ್ಲಿ ನಿಂತಿದ್ದೆ ಸಾರ್. ಬರೀ ಬಾಯಿಗೆ ತಿಂದು ನೋಡಿ, ಕಾಸೂ ಬೇಡ ಅಂದೆ. ಸೆಕ್ಯೂರಿಟಿ ಓಡಿಸ್ಬಿಟ್ಟ. ಇಲ್ಲೂ ಯಾರೂ ಬರ್ಲಿಲ್ಲ. ನಮ್ಮ ಉಸ್ತಾದ್ ಸತ್ತಾಗಿಂದ ಈ ಮಣ್ಣಿಗೆ ಯಾರೂ ಇಳಿದಿಲ್ಲ. ಬೆಳಿಗ್ಗೆ ಎದ್ದು ಅಗೀತೀನಿ, ಸಮ ಮಾಡ್ತೀನಿ, ಬಾಗ್ಲು ನೋಡ್ತಾ ಕೂತ್ಕೋತೀನಿ. ಒಂದಿನ ಈ ಡಬ್ಬೀಲಿ ಹಾಕ್ದೆ. ಕ್ಯೂ ನಿಂತು ತಿಂದ್ರು.”

“ಅದು ಸರಿ,” ಅಂದ ಕೇದಾರ್. ಅವನ ಧ್ವನಿ ಗೋಡೆಗೆ ಬಡಿದು ವಾಪಸ್ ಬಂತು. “ಆ ಹುಡ್ಗಿ ಡಬ್ಬಿಗೆ ಗಸಗಸೆ ಹಾಕು ಅಂತ ಹೇಳ್ದೋನು ಯಾರು? ಬೊಗಳು!”

ಎತ್ತಿದ ಕೈಯನ್ನು ಜಿಯಾವುಲ್ಲಾ ಹಿಡಿದುಕೊಂಡ. ಕಿಟ್ಟುವಿನ ಮುಖ ಮಾತ್ರ ಅರಳಿತ್ತು. ಬೈಗುಳ ಅವನ ಕಿವಿಗೆ ಬಿದ್ದಿರಲೇ ಇಲ್ಲ.

“ಆ ಮಗೂನಾ? ನಿಮಗೆ ಗೊತ್ತಾ ಆ ಮಗು? ಎಷ್ಟು ಎತ್ತಿದ್ಲು ಸಾಮಿ? ಅಂಗಡಿಯವ್ರನ್ನ ಕೇಳಿದ್ರೆ ಗೊತ್ತಿಲ್ಲ ಅಂದ್ಬಿಟ್ರು.”

ಜಿಯಾವುಲ್ಲಾ ಕೇದಾರನ ಕೈ ಬಿಟ್ಟ. ಕಿಟ್ಟು ಮುಂದುವರಿಸಿದ.

“ಎದುರುಗಡೆ ಟೀ ಅಂಗಡೀಲಿ ನಿಂತ್ರೆ ಗಾಜಲ್ಲಿ ಕಾಣ್ತಿತ್ತು. ಬೇರೆಯವರೆಲ್ಲ ಕನ್ನಡಿ ನೋಡ್ಕೊಂಡು ಎತ್ತೋರು. ಆ ಮಗು ಮಾತ್ರ ನೆಲ ಮುಟ್ಟಿ ಕಣ್ಣಿಗೊತ್ಕೊಂಡು ಎತ್ತೋದು. ನಾವೂ ಮಣ್ಣಿಗೆ ಹಂಗೇ ಅಲ್ವಾ ಮಾಡೋದು? ಅದಕ್ಕೆ ಕುಸ್ತಿ ಹತ್ರ ಬಂದಾಗ ಮಾಡೋದನ್ನ ಮಾಡ್ದೆ. ನಮ್ಮ ಉಸ್ತಾದ್ ಎಲ್ರಿಗೂ ಹಿಟ್ಟು ಕೊಡೋರು, ಗಸಗಸೆ ಮಾತ್ರ ಒಬ್ಬಂಗೇ. ಅಖಾಡಕ್ಕೆ ಯಾರನ್ನ ಇಳಿಸ್ತಾರೋ ಅವನಿಗೆ. ತಾವೇ ಅರೆದು, ತಾವೇ ಬೆರ್ಸೋರು. ಮೊದ್ಲಿನ ರಾತ್ರಿ ಹೆದರಿಕೆಗೆ ನಿದ್ದೆ ಬರಲ್ಲ ಅಲ್ವಾ, ಅದಕ್ಕೆ. ಗಸಗಸೆ ಬಿತ್ತು ಅಂದ್ರೆ ಇವನು ನನ್ನ ಶಿಷ್ಯ ಅಂತ ಲೆಕ್ಕ.” ಅವನು ಸ್ವಲ್ಪ ನಾಚಿದ. “ಶಿಷ್ಯರಿಲ್ದೋನ್ನ ಯಾರೂ ಉಸ್ತಾದ್ ಅನ್ನಲ್ಲ ಸಾಮಿ. ಪೈಲ್ವಾನ್ ಅಂತಾರೆ, ಅಷ್ಟೇ. ಒಂದ್ಸಲ ನಾನೂ ಅರೆದು ಕೊಡ್ಬೇಕು ಅನ್ಸಿತ್ತು.”

ಶಿವಶಂಕರಪ್ಪ ನಿಧಾನವಾಗಿ, ಮಗುವಿಗೆ ಹೇಳುವ ಹಾಗೆ, ಪರೀಕ್ಷೆ, ಮಾರ್ಫಿನ್, ವಾಪಸ್ ಹೋದ ಪದಕ ಎಲ್ಲವನ್ನೂ ಹೇಳಿದರು. ಕಿಟ್ಟು ಕೇಳುತ್ತಾ ಕೇಳುತ್ತಾ ಒರಳಿನ ಪಕ್ಕ ಕುಸಿದ. ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ.

“ಗಸಗಸೆ ನಂದಲ್ಲ ಅಂತ ನೀನು ಅನ್ಬಹುದು,” ಅಂದರು ಇನ್‌ಸ್ಪೆಕ್ಟರ್. “ಡಬ್ಬಿ ಕೇಸಲ್ಲಿ ಬೇಗ ಜಾಮೀನು ಸಿಗುತ್ತೆ. ಗಸಗಸೆ ನಾನೇ ಹಾಕಿದ್ದು ಅಂತ ಮ್ಯಾಜಿಸ್ಟ್ರೇಟ್ ಮುಂದೆ ಒಪ್ಕೊಂಡ್ರೆ ನಿನಗೆ ಇನ್ನೊಂದು ಕಲಂ ಬೀಳುತ್ತೆ. ಆದ್ರೆ ಅವಳು ಉಳೀತಾಳೆ. ಬಲವಂತ ಇಲ್ಲ.”

“ಯಾವಾಗ ಹೋಗ್ಬೇಕು ಸಾರ್?”

ಮಧ್ಯಾಹ್ನ ಒಂದೂವರೆಗೆ ಪಂಚನಾಮೆ ಮುಗಿಯಿತು. ಡಬ್ಬಿ, ಹಿಟ್ಟು, ಉಳಿದ ಗಸಗಸೆ, ಮುಚ್ಚಳ ಬೆಸೆಯುವ ಇಸ್ತ್ರಿಪೆಟ್ಟಿಗೆ ವಶಕ್ಕೆ. ಆರೋಪಿ ಕೃಷ್ಣಪ್ಪ ಉರುಫ್ ಕಿಟ್ಟು ದಸ್ತಗಿರಿ. ಜೀಪು ಹತ್ತುವ ಮುಂಚೆ ಅವನು ಕೇದಾರನ ಕಡೆ ತಿರುಗಿದ.

“ಸಾಮಿ, ಒಂದೇ ಒಂದು ಮಾತು. ಆ ರಾತ್ರಿ ಮಗು ಮಲಗಿದ್ಲಾ?”

ಉತ್ತರ ಕೇದಾರನ ಕೈಬರಹದಲ್ಲೇ ಇತ್ತು, ಠಾಣೆಯ ಫೈಲಿನಲ್ಲಿ. ಆದರೆ ಅವನ ಹತ್ತು ವರ್ಷದ ಸಿಟ್ಟು ಅಡ್ಡ ನಿಂತಿತ್ತು, ಯಾರ ಮೇಲೆ ಎಸೆಯಬೇಕೆಂದು ಈಗ ತಿಳಿಯದೆ. “ಹತ್ತು, ಹತ್ತು,” ಅಂದ.

25ನೇ ತಾರೀಕು ಕಿಟ್ಟು ಮ್ಯಾಜಿಸ್ಟ್ರೇಟರ ಮುಂದೆ ಎಲ್ಲವನ್ನೂ ಹೇಳಿದ. ಆ ಹೇಳಿಕೆಯ ಮತ್ತು ಪ್ರಯೋಗಾಲಯದ ವರದಿಯ ನಕಲುಗಳು 28ರ ವಿಚಾರಣೆಗೆ ಹೋದವು. ನಿಯಮದ ಪ್ರಕಾರ ಪದಕ ತಿರುಗಿ ಬರಲಿಲ್ಲ. ಪ್ರತಿಭಾಳ ತಪ್ಪಿಲ್ಲವೆಂದು ತೀರ್ಮಾನವಾಯಿತು. ನಿಷೇಧವಿಲ್ಲ, ಕೆಲಸದ ಆದೇಶ ಊರ್ಜಿತ. ವಿರೂಪಾಕ್ಷಪ್ಪ ಠಾಣೆಗೆ ಪೇಡೆ ತಂದರು. ಪ್ರತಿಭಾ ಪೇಡೆ ಹಂಚಿದ ಮೇಲೂ ಹೊರಡಲಿಲ್ಲ.

“ಆ ಗರಡಿ ಎಲ್ಲಿ ಬರುತ್ತೆ ಸರ್?” ಅಂತ ಕೇದಾರನನ್ನು ಕೇಳಿದಳು. ಅವನು ದಾರಿ ಹೇಳಿದ. ಬೀಗ ಇದೆ ಅಂತಲೂ ಹೇಳಿದ.

ಜುಲೈ 7, ಬುಧವಾರ. ಕಸ್ಟಡಿ ಮುಂದುವರಿಸಲು ಆರೋಪಿಯನ್ನು ಮೇಯೋ ಹಾಲ್ ಕೋರ್ಟಿಗೆ ತಂದಿದ್ದರು. ವರಾಂಡದ ಬೆಂಚಿನ ಮೇಲೆ ಕಿಟ್ಟು, ಪಕ್ಕದಲ್ಲಿ ಕೇದಾರ್. ಜೈಲೂಟಕ್ಕೆ ಅವನ ಕುತ್ತಿಗೆ ಆಗಲೇ ಸಣ್ಣಗಾಗಿತ್ತು. ಅವನು ಏನನ್ನೂ ಕೇಳಲಿಲ್ಲ. ಮಣ್ಣು ಒಣಗಿ ಗಟ್ಟಿಯಾಗಿರುತ್ತೆ ಅಂತ ಮಾತ್ರ ಒಮ್ಮೆ ತನ್ನಷ್ಟಕ್ಕೆ ಅಂದುಕೊಂಡ.

ಕೇದಾರ್ ಜೇಬಿನಿಂದ ಪೊಟ್ಟಣ ತೆಗೆದು ಬಿಡಿಸಿ ಇಬ್ಬರ ನಡುವೆ ಇಟ್ಟ. ಹುರಿಗಡಲೆ, ಸ್ವಲ್ಪ ಬೆಲ್ಲ. ಇಬ್ಬರೂ ಸ್ವಲ್ಪ ಹೊತ್ತು ಅಗಿದರು. ಒಳಗಿನಿಂದ ಕೇಸಿನ ನಂಬರು ಕೂಗಿದರು.

ಕೇದಾರ್ ಎದ್ದು ನಿಂತು, ಕೈಕೋಳವಿದ್ದ ತೋಳಿಗೆ ಆಸರೆ ಕೊಟ್ಟ.

“ಮಲಗಿದ್ಲಂತೆ,” ಅಂದ. “ಕಲ್ಲು ಬಿದ್ದಂಗೆ ಮಲಗಿದ್ಲಂತೆ. ಮಾರನೇ ದಿನ ಜೀವಮಾನದಲ್ಲಿ ಎತ್ತದಷ್ಟು ಎತ್ತಿದ್ಲು. ನಡೀರಿ ಉಸ್ತಾದ್, ಕರೀತಿದಾರೆ.”